ಜೋಡಿ ತಪ್ಪಿದ ಕೊಬ್ಬರಿ ಬಟ್ಟಲು

"ಹಲೋ... ಹಲೋ... ಯಾರ್ ಮಾತಾಡಾಕತ್ತೀರಿ?... ಹಾಂ?... ಕೇಳಸವಲ್ತರಿ... ಯಾರು?"

ಕೇಳಿಸುವುದಾದರೂ ಹೇಗೆ? ಕಾಂತಾಬಾಯಿ ಫೋನಿನ ಹಿಡಿಯನ್ನು ತಲೆಕೆಳಗು ಮಾಡಿ ಹಿಡಿದಿದ್ದಳು. ಕಿವಿಗೆ ಹಚ್ಚಬೇಕಾದದ್ದು ಬಾಯಿಯ ಹತ್ತಿರ, ಬಾಯಿಗೆ ಬರಬೇಕಾದದ್ದು ಕಿವಿಯ ಹತ್ತಿರ. ಎರಡೂ ಕೈಗೆ ಜೋಳದ ಹಿಟ್ಟು. ಅಂಗಡಿಯ ಹಿಂದಿನ ಮನೆಯಲ್ಲಿ ಒಲೆಯ ಮುಂದೆ ಕೂತು ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದ್ದಳಷ್ಟೆ, ಮುಂದಿನ ಅಂಗಡಿಯಿಂದ ಮನ್ಮಥಪ್ಪ ಸಾವ್ಕಾರರ ಕೂಗು ಬಂದಿತ್ತು: "ಕಾಂತಾಬಾಯೀ! ಫೋನ್ ಬಂದದ! ನಿನಗ! ಜಹೀರಾಬಾದದಿಂದ!"

ತಾಂಡೂರಿನ ಬಜಾರಿನಲ್ಲಿ ಆ ಕರಿಯ ಯಂತ್ರ ಮಾತಾಡುತ್ತಿದ್ದುದು ತೊಗರಿಯ ಧಾರಣೆಯ ಬಗ್ಗೆ ಮಾತ್ರ. ಹೆಂಗಸಿನ ಹೆಸರು ಹಿಡಿದು ಅದು ಕೂಗಿದ್ದು ಇದೇ ಮೊದಲು. ಕಾಂತಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹತ್ತು ವರ್ಷದ ಮಗಳು ಈರಮ್ಮ, ಮನೆಯವರ ಬಾಯಲ್ಲಿ ಈರಿ, ಅರ್ಧ ಹೆಣೆದ ಜಡೆಯನ್ನು ಹಿಡಿದುಕೊಂಡೇ ಅವ್ವನ ಬೆನ್ನು ಹತ್ತಿ ಬಂದು ಕಾಳಿನ ಚೀಲದ ಮೇಲೆ ಕೂತಳು.

"ತಿರುವಿ ಹಿಡಿಯವಾ" ಎಂದರು ಮನ್ಮಥಪ್ಪ, ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತ. "ಅದೇನು ಉದ್ದಿನ ಚೀಲ ಅಲ್ಲ, ಹ್ಯಾಂಗ ಹಿಡಿದ್ರೂ ನಡೀತದ ಅನ್ನಾಕ."

ಆಕೆ ತಿರುವಿ ಹಿಡಿದಳು.

"ಹಲೋ... ಹಾಂ, ಈಗ ಕೇಳಸ್ತು... ಯಾರಿಗೇನಾಗ್ಯದ ಹೇಳ್ರಿ ಮೊದಲ... ಗುರೂಗ ಏನಾಗ್ಯದ?... ಏನಿಲ್ಲಾ?... ಖರೇನೂ ಏನಿಲ್ಲಾ?... ಮತ್ತ ನೀವು ಯಾರು?"

...

"ಯಾರು?"

...

ಎರಡನೆಯ ಸಲ ಕೇಳಿದ್ದು ಕೇಳಿಸದೆ ಅಲ್ಲ ಎಂದು ಈರಿಗೆ ಗೊತ್ತಾಯಿತು. ಅವ್ವ ಹಿಟ್ಟಿನ ಕೈಯಿಂದಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಂಗಡಿಯಲ್ಲಿ ಇದ್ದ ಗಂಡಸು ಮನ್ಮಥಪ್ಪ ಒಬ್ಬರೇ. ಅವರ ಮುಂದೆ ಇಷ್ಟು ಹೊತ್ತು ಇಲ್ಲದ ಸೆರಗು, ಅರವತ್ತು ಮೈಲು ದೂರದ ದನಿಗೆ ಬಂದಿತ್ತು.

"ಶಾಂತಪ್ಪ ಮಾಮಾ..." ಎಂದಳು ಅವ್ವ. "ನೀವಾ... ಆರಾಮ ಇದ್ದೀರಿ?... ಹಾಂ, ನಾವು ಆರಾಮ... ಎಲ್ಲಿಂದ ಮಾತಾಡಾಕತ್ತೀರಿ?... ಬೆಲ್ಲದ ಅಂಗಡ್ಯಾಗಿಂದ?... ಅವರು ಬೈಯಂಗಿಲ್ಲೇನು?"

ಶಾಂತಪ್ಪ ಎಂದರೆ ಯಾರು ಎಂಬುದು ಈರಿಗೆ ಗೊತ್ತು. ಅವ್ವನ ಸೋದರಮಾವನ ಮಗ, ಅವ್ವ 'ಗುರೂ' ಎನ್ನುವ ತಂಗಿ ಗುರುಲಿಂಗಮ್ಮನ ಗಂಡ. ಜಹೀರಾಬಾದಿನಲ್ಲಿ ಬೆಲ್ಲದ ವ್ಯಾಪಾರಿಯ ಹತ್ತಿರ ಕೆಲಸ. ಇಷ್ಟು ಅವ್ವ ಹೇಳಿದ್ದು. ಅವ್ವ ಹೇಳದೆ ಬಿಟ್ಟದ್ದನ್ನು ಅವ್ವನ ತವರೂರು ನಾರಾಯಣಖೇಡದಿಂದ ಕಂಬಳಿ ಮಾರಲು ಬರುವ ಪೋಚಮ್ಮ ಹೇಳಿದ್ದಳು. ಅವ್ವ ಒಳಗೆ ಮಜ್ಜಿಗೆ ತರಲು ಹೋದಾಗ ಈರಿಯ ಗಲ್ಲ ಹಿಡಿದು, "ನಿಮ್ಮವ್ವ ತೊಟ್ಟಿಲದಾಗ ಇದ್ದಾಗ್ಲೇ ಆ ಶಾಂತಪ್ಪಗ ಅಂತ ಹೇಳಿಟ್ಟಿದ್ರು ನೋಡು ಕೂಸೆ. ಆತ ದೊಡ್ಡವಾಗಿ ಬಂದು ಸಣ್ಣಾಕೀನ ಬೇಡಿದ. ನಿಮ್ಮವ್ವ ಮೂರು ದಿನ ಉಣ್ಣಲಿಲ್ಲ" ಎಂದು ಕಿವಿಯಲ್ಲಿ ಹಾಕಿದ್ದಳು. ಮಜ್ಜಿಗೆ ಬಂದ ಮೇಲೆ ಕಂಬಳಿಯ ಮಾತಾಡಿದಳು.

"ಏನಂದ್ರಿ?... ಇನ್ನೊಂದ್ಸಲ ಹೇಳ್ರಿ ಮಾಮಾ... ಏಳು?... ಏಳನೇ ತಿಂಗಳಾ!"

ಅವ್ವನ ಮುಖ ಅರಳಿತು. ಬಾಯಿ ಮುಚ್ಚಿಕೊಳ್ಳಲು ಹೋಗಿ ಮೂಗಿಗೆ ಹಿಟ್ಟು ಹತ್ತಿಸಿಕೊಂಡಳು.

"ನಮಗೊಂದು ಚೀಟಿ ಬರೀಬಾರದಾ ಅಷ್ಟ ದಿನದಿಂದ?... ಹಾಂ... ಹೌದು, ಅದೂ ಖರೆ. ಮದ್ಲಿನ ಎರಡೂ ನಿಲ್ಲಲಿಲ್ಲಲ್ಲ, ಹೇಳಾಕ ಅಂಜಿಕಿ... ತಪ್ಪಲ್ಲ ಬಿಡ್ರಿ... ನಡದಾಡ್ತಾಳಾ?... ಉಣ್ತಾಳಾ?... ಆಕಿಗೆ ಹುಣಸಿ ಚಿಗುರು ಅಂದ್ರ ಜೀವ, ಕೊಡ್ರಿ, ಅಂಜಬ್ಯಾಡ್ರಿ... ಈರೀ, ನಿನಗ ತಮ್ಮ ಹುಟ್ಟತಾನ!"

"ತಂಗಿ ಆಗಲಿ" ಎಂದಳು ಈರಿ.

"ಈಕಿ ತಂಗಿ ಬೇಕಂತಾಳ್ರಿ..." ಅವ್ವ ನಕ್ಕಳು. ಆ ನಗು ಇನ್ನೂ ಮುಗಿದಿರಲಿಲ್ಲ.

...

"ಯಾರು, ನಾನಾ?"

...

"ಸ್ವಾಮಾರ?... ಬರೋ ಸ್ವಾಮಾರನ ಕುಬಸಾ?"

...

ಕುಬಸ ಎಂದರೆ ಏನು ಎಂದು ಈರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಓಣಿಯಲ್ಲಿ ವರ್ಷಕ್ಕೆ ನಾಲ್ಕು ನೋಡಿದ್ದಳು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ತವರಿನ ಹೆಣ್ಣುಮಗಳು ಉಡಿ ತುಂಬುತ್ತಾಳೆ. ಬಸುರಿ ಚಾಚಿದ ಸೆರಗಿನಲ್ಲಿ ಅಕ್ಕಿ, ಅರಿಷಿಣದ ಬೇರು, ಅಡಿಕೆ, ಉತ್ತತ್ತಿ, ಖಣ, ಮತ್ತೆ ಎರಡು ಕೊಬ್ಬರಿ ಬಟ್ಟಲು. ಮದುಮಗಳಿಗೂ ಹಾಗೆಯೇ. ಕೊಬ್ಬರಿ ಎರಡೇ ಇರಬೇಕು, ಒಂದರ ಬಾಯಿಗೆ ಇನ್ನೊಂದರ ಬಾಯಿ ಮುಚ್ಚಿ. ಒಂಟಿ ಬಟ್ಟಲು ಅಪಶಕುನ, ಅದನ್ನು ಯಾವ ಮುತ್ತೈದೆಯ ಉಡಿಗೂ ಯಾರೂ ಹಾಕುವುದಿಲ್ಲ.

ನಾರಾಯಣಖೇಡದ ಅಜ್ಜಿ ತೀರಿಹೋಗಿ ಆರು ವರ್ಷವಾಗಿತ್ತು. ಗುರುಲಿಂಗಮ್ಮನಿಗೆ ತವರು ಎಂದರೆ ಈಗ ಅಕ್ಕ ಒಬ್ಬಳೇ.

"ಹ್ಯಾಂಗ ಬರಲಿ ಮಾಮಾ... ಇವರು ಊರಾಗಿಲ್ಲ. ಕೊಡಂಗಲ್ ಸಂತಿಗೆ ಹೋಗ್ಯಾರ. ಕೇಳದ ಹ್ಯಾಂಗ ಹೇಳಲಿ?"

"ರೇವಪ್ಪ ಇವತ್ತು ಸಂಜಿಗೆ ಬರ್ತಾನ!" ಎಂದರು ಮನ್ಮಥಪ್ಪ, ಬೇವಿನಕಡ್ಡಿ ಬಾಯಿಂದ ತೆಗೆದು. ಈರಿಯ ಅಪ್ಪ ರೇವಪ್ಪ ಇದೇ ಅಂಗಡಿಯ ಗುಮಾಸ್ತ. "ಅವ ಬ್ಯಾಡ ಅಂದ್ರ ನಾ ಬೈತೀನಿ. ಹೂಂ ಅನ್ನು."

"ಅದಲ್ರಿ ಮಾಮಾ, ಎಮ್ಮಿ ಈಯೋದ್ಯಾಗ ಅದ. ಇವತ್ತೋ ನಾಳೆಯೋ ಅನ್ನಂಗ..."

"ಎಮ್ಮಿ ಹ್ವಾದ ತಿಂಗಳ ಈದಾದಲ್ಲ ಅವ್ವಾ" ಎಂದಳು ಈರಿ.

ಅವ್ವ ಆಕೆಯತ್ತ ನೋಡಿದ ನೋಟಕ್ಕೆ ಈರಿ ಜಡೆಯ ತುದಿ ಬಾಯಿಗೆ ಹಾಕಿಕೊಂಡಳು.

"ಹಾಂ... ಇಲ್ಲ, ಇಲ್ಲೇ ಕೂಸು ಏನೋ ಅಂತು... ರೈಲ್ ದೂರ ಅಲ್ರಿ, ವಿಕಾರಾಬಾದಿನಾಗ ಗಾಡಿ ಬದ್ಲಿ ಮಾಡಬೇಕು. ಒಬ್ಬಾಕಿ ಹೆಣಮಗಳು... ಹಾಂ? ನೀವು ವಿಕಾರಾಬಾದಿಗೆ ಬರ್ತೀರಾ?... ಬ್ಯಾಡ್ರಿ. ಬ್ಯಾಡ, ಬ್ಯಾಡ. ನೀವು ಬರಬ್ಯಾಡ್ರಿ."

ಆ ಕೊನೆಯ ಮಾತು ಎಷ್ಟು ಬಿರುಸಾಗಿ ಬಂತೆಂದರೆ, ಮನ್ಮಥಪ್ಪ ಸಹ ಉಜ್ಜುವುದನ್ನು ನಿಲ್ಲಿಸಿ ನೋಡಿದರು. ಅವರಿಗೆ ಏನು ತಿಳಿಯಿತೋ, ಬಾಯಿ ಮುಕ್ಕಳಿಸುವ ನೆಪ ಮಾಡಿ ತಂಬಿಗೆ ಹಿಡಿದು ಹಿತ್ತಲಿಗೆ ಹೋದರು.

"ಸಿಟ್ಟ್ಯಾಕರಿ?... ನಿಮ್ಮ ಮ್ಯಾಲೆ ನನಗ ಯಾಕ ಸಿಟ್ಟು?... ಹನ್ನೊಂದು ವರ್ಷ ಆತು, ಹೌದು... ಬಂದಿಲ್ಲ, ಖರೆ... ಮನಿ, ಮಕ್ಕಳು, ಕೆಲಸಾ, ಹಿಂಗ... ಹಾಂ?"

...

"ತಂಗಿ ಇದ್ದಂಗ. ಹೌದ್ರಿ."

...

"ಹೌದು, ನೀವು ಯಾವಾಗಲೂ ನನಗ ತಂಗಿ ಅಂತನ ತಿಳಿದೀರಿ. ನನಗೂ ಗೊತ್ತದ. ಮದ್ಲಿಂದನೂ ಗೊತ್ತದ."

ಕಾಂತಾಬಾಯಿಯ ಬಲಗೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹುಡುಕಿ ಹಿಡಿದುಕೊಂಡಿತು. ಮನೆಯಲ್ಲಿ ಏನಾದರೂ ತಪ್ಪು ಮಾಡಿ ಅಪ್ಪನ ಮುಂದೆ ನಿಂತಾಗ ಅವ್ವ ಹೀಗೆ ಹಿಡಿದುಕೊಳ್ಳುವುದನ್ನು ಈರಿ ನೋಡಿದ್ದಳು. ಈಗ ಎದುರಿಗೆ ಯಾರೂ ಇರಲಿಲ್ಲ. ಗೋಡೆಗೆ ತೂಗುಹಾಕಿದ ಪಂಚಾಂಗ, ತಕ್ಕಡಿ, ಚೀಲಗಳು. ಆದರೂ ಅವ್ವ ಆ ಪಂಚಾಂಗದ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಪೋಚಮ್ಮ ಹೇಳಿದ ಮೂರು ದಿನದ ಉಪವಾಸ ಈ ಮಾಮಾಗೆ ಇವತ್ತಿಗೂ ಗೊತ್ತಿಲ್ಲ ಎಂದು ಈರಿಗೆ ಹೊಳೆಯಿತು. ಗೊತ್ತಾಗದಿರಲಿ ಎಂದೇ ಅವ್ವ ಹಾಗೆ ನಿಂತಿದ್ದಾಳೆ ಎಂದೂ ಹೊಳೆಯಿತು.

"ಹಾಂ?... ಹೌ ಸಾಬ್... ಹೌ, ಬಾತ್ ಚಲ್ರೀ... ತೀನ್ ಮಿನಿಟ್ ಹೋಗಯೇ?... ಮಾಮಾ, ನಡುವ ಯಾರೋ ಬಂದಾರ, ಮೂರು ಮಿನಿಟ ಆತಂತಾರ. ಇಡ್ಲೇನು?... ಇನ್ನ ಮೂರು ತಗೋತೀರಾ?... ನಕ್ಕೋ ಕಾಟೋ ಸಾಬ್, ನಕ್ಕೋ ಕಾಟೋ."

ಲೈನು ಕತ್ತರಿಸಬೇಡಿ ಎಂದು ಎಕ್ಸ್‌ಚೇಂಜಿನವನನ್ನು ಬೇಡಿಕೊಂಡವಳ ಮುಖದಲ್ಲಿ, ಕತ್ತರಿಸಿದ್ದರೆ ಚೆನ್ನಾಗಿತ್ತು ಎಂಬುದೂ ಇತ್ತು.

ಒಳಗಿನಿಂದ ರೊಟ್ಟಿ ಸೀಯುವ ವಾಸನೆ ಬಂತು.

"ಈರೀ, ಹಂಚು ಇಳಿಸು ಹೋಗು... ನಿಮಗಲ್ರಿ, ಹುಡುಗಿಗೆ."

ಈರಿ ಎದ್ದಳು. ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಅವ್ವನ ದನಿ ಬದಲಾಯಿತು, ಈರಿ ಅಲ್ಲೇ ನಿಂತಳು. ರೊಟ್ಟಿ ಒಂದು ಹೋದರೆ ಹೋಗಲಿ.

"ಏನು ತಿಂದ್ಲು?... ನಗಬ್ಯಾಡ್ರಿ ಮಾಮಾ, ಸರಿಯಾಗಿ ಹೇಳ್ರಿ. ಏನು ತಿಂದ್ಲು?"

...

"ಉಡ್ಯಾಗಿನ ಕೊಬ್ಬರಿ?"

...

"ಲಗ್ನದ ಉಡ್ಯಾಗಿಂದಾ?... ಬಂಡ್ಯಾಗ ಬರೋ ಮುಂದ?... ಒಂದು ಬಟ್ಟಲ ತಿಂದು ಒಂದು ಉಳಿಸಿದ್ಲು?"

...

"ಹಂಗಂತ ಯಾರ್ ಹೇಳಿದ್ರು ನಿಮಗ?... ಆಕೀನಾ?... ಗುರೂನ ಹೇಳಿದ್ಲಾ? ತಾನ ತಿಂದೆ ಅಂತ?"

ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಮಾತಲ್ಲ, ನಗು ಮಾತ್ರ. ಡಬ್ಬಿಯಲ್ಲಿ ಕಡಲೆ ಅಲುಗಾಡಿಸಿದ ಹಾಗೆ ಅದು ಅವ್ವನ ಕಿವಿಯಿಂದ ತಪ್ಪಿಸಿಕೊಂಡು ಹೊರಗೆ ಬರುತ್ತಿತ್ತು. ಅವರ ಮನೆಯಲ್ಲಿ ಹನ್ನೊಂದು ವರ್ಷದಿಂದ ಹೇಳಿಕೊಂಡು ನಗುವ ಕಥೆ ಇರಬೇಕು. ಗಂಡನ ಮನೆಗೆ ಬರುವ ದಾರಿಯಲ್ಲೇ ಹಸಿವು ತಡೆಯದೆ ಉಡಿಯ ಕೊಬ್ಬರಿ ಕಡಿದು ತಿಂದ ಮದುಮಗಳ ಕಥೆ.

ಈರಿ ನಗಲಿಲ್ಲ.

ಹೋದ ಪಂಚಮಿಯಲ್ಲಿ ಆಕೆ ಅವ್ವನ ಸಂದೂಕ ತೆರೆದಿದ್ದಳು. ಜೋಕಾಲಿಗೆ ಹಳೆಯ ಸೀರೆ ಬೇಕಿತ್ತು. ಎಲ್ಲಕ್ಕೂ ಕೆಳಗೆ, ಅವ್ವನ ಧಾರೆ ಸೀರೆಗೂ ಕೆಳಗೆ, ಹಸಿರು ಖಣದಲ್ಲಿ ಕಟ್ಟಿದ ಒಂದು ಗಂಟು ಸಿಕ್ಕಿತ್ತು. ಬಿಚ್ಚಿದರೆ ಒಂದು ಕೊಬ್ಬರಿ ಬಟ್ಟಲು. ಕರ್ರಗಾಗಿ, ಕಮಟು ಎಣ್ಣೆಯ ವಾಸನೆ ಹೊಡೆಯುತ್ತ. ಒಂದೇ. ಇನ್ನೊಂದಕ್ಕಾಗಿ ಸಂದೂಕವನ್ನೆಲ್ಲ ತಡಕಾಡುತ್ತಿದ್ದಾಗ ಅವ್ವ ಬಂದು ಕೈಯ ಮೇಲೆ ಹೊಡೆದಳು. ಅವ್ವ ಹೊಡೆಯುವವಳಲ್ಲ. ಹೊಡೆದ ಮೇಲೆ ತಾನೇ ಅತ್ತಳು. ಸಂಜೆಗೆ ಹೂರಣದ ಕಡುಬು ಮಾಡಿ ಬಾಯಿಗಿಟ್ಟು, "ಅದನ್ನೊಂದು ಕೇಳಬ್ಯಾಡ ನನ್ನವ್ವ" ಎಂದಳು. ಈರಿ ಕೇಳಲಿಲ್ಲ. ಕಡುಬು ತಿಂದಳು. ಆದರೆ ಪ್ರಶ್ನೆ ಕಡುಬಿನ ಜೊತೆ ಇಳಿದುಹೋಗಲಿಲ್ಲ, ಅಂದಿನಿಂದ ಗಂಟಲಲ್ಲೇ ಇತ್ತು.

"ಅತ್ತಿ ಏನಂದ್ರು ಆಗ?"

...

"ತವರವರು ಉಪವಾಸ ಕೆಡವಿ ಕಳಸ್ಯಾರ ಅಂದ್ರಾ... ಮತ್ತ?"

...

"ಇನ್ನೂ ಅಂತಾರಾ?"

...

"ಎರಡು ಕೂಸು ಹೋದಾಗೂ ಅದನ್ನ ಅಂದ್ರಾ?... ಉಡಿ ಕೊಬ್ಬರಿ ತಿಂದಾಕಿ, ಅದಕ್ಕ ಬಸಿರು ನಿಲ್ಲವಲ್ತು ಅಂತ?... ಎಲ್ಲಾರ ಮುಂದನಾ?... ಗುರೂ ಏನಂದ್ಲು?... ಏನೂ ಅನ್ನಲಿಲ್ಲಾ?"

ಅವ್ವ ಕೂರಲು ಜಾಗ ಹುಡುಕಿದಳು. ಫೋನಿನ ದಾರ ಗಿಡ್ಡ. ಅರ್ಧ ಬಗ್ಗಿ, ಮೇಜಿಗೆ ಮೊಣಕೈ ಊರಿ, ಹಾಗೇ ನಿಂತಳು. ಕೈಯ ಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು, ಬೇಸಿಗೆಯ ಕೆರೆಯ ತಳದ ಹಾಗೆ.

"ಆಕಿ ತಿಂದಿಲ್ಲ ಮಾಮಾ."

...

"ತಿಂದಿಲ್ಲ. ಆಕಿ ತಿಂದಿಲ್ಲ."

...

"ನನಗ... ನನಗ ಹ್ಯಾಂಗ ಗೊತ್ತು ಅಂದ್ರ..."

ಅವ್ವನ ತುಟಿ ಅಲುಗಾಡಿತು, ನಿಂತಿತು. ಆ ಕಡೆ ಶಾಂತಪ್ಪ ಮಾಮಾ ಏನೋ ಮತ್ತೆ ನಗೆಯ ಮಾತು ಹೇಳಿರಬೇಕು.

"ಹಾಂ... ಹಂಗೇ ಅಂದೆ. ಸಣ್ಣಂದು ಇದ್ದಾಗ ಆಕಿ ಕೊಬ್ಬರಿ ತಿಂತಿದ್ದಿಲ್ಲ, ಅದಕ್ಕಂದೆ... ಇಲ್ಲ, ಅಳಾಕತ್ತಿಲ್ಲರಿ. ನೆಗಡಿ ಆಗ್ಯದ."

ಅವ್ವನ ಕಿವಿಯ ತುದಿ ಕೆಂಪಾಗಿತ್ತು. ತುಡುಗು ಮಾಡಿ ಸಿಕ್ಕವರ ಕಿವಿ ಹಾಗಾಗುತ್ತದೆ. ಸಿಗದೆ ಪಾರಾದವರದೂ ಹಾಗಾಗುತ್ತದೆ ಎಂದು ಈರಿ ಅವತ್ತು ನೋಡಿದಳು.

"ಗುರೂ ಅಲ್ಲೇ ಅದಾಳಾ?... ನಿಮ್ಮ ಮಗ್ಗಲಿಗೇ?... ಇಷ್ಟೊತ್ತನಾ?... ಮತ್ತ ಮೊದಲ ಹೇಳಬಾರದಾ... ಕೊಡ್ರಿ. ಕೊಡ್ರಿ ಆಕೀಗೆ."

...

"ಗುರೂ..."

...

"ಗುರೂ, ಅಳಬ್ಯಾಡ... ನಾನೂ ಅಳಂಗಿಲ್ಲ, ನೀನೂ ಅಳಬ್ಯಾಡ. ಏಳು ತಿಂಗಳಾಕಿ ಅಳಬಾರದು... ಎಷ್ಟ ದೂರ ಮಾಡಿ ಕುಂತು ಮಾತಾಡಾಕತ್ತೀದಿ? ಬಾಯಿ ಹತ್ರ ಹಿಡಿ... ಹಾಂ. ನಾನೂ ಉಲ್ಟಾ ಹಿಡಿದಿದ್ದೆ!"

ಇಬ್ಬರೂ ನಕ್ಕರು. ಈ ಕಡೆಯ ನಗುವಿನಲ್ಲಿ ನೀರಿತ್ತು.

"ಸೊಂಟ ನೋಯ್ತದೇನು?... ಎಡಗಡಿ ಮಗ್ಗಲಾಗಿ ಮಕ್ಕೋ... ಕೂಸು ಒದೀತದಾ? ಯಾವಾಗ?... ರೊಟ್ಟಿ ಬಡಿಯೋ ಮುಂದನಾ? ಇದೂ ಹಂಗೇ ಮಾಡ್ತಿತ್ತು, ಈ ಈರಿ. ಚಪ್ಪಳಿ ಕೇಳಿ ಒಳಗ ಕುಣೀತಿತ್ತು."

ಈರಿ ನಾಚಿಕೊಂಡು, ಬಾಗಿಲಿನಿಂದ ಬಂದು ಮತ್ತೆ ಚೀಲದ ಮೇಲೆ ಕೂತು, ಅದರ ಹೊಲಿಗೆಯ ದಾರ ಎಳೆಯತೊಡಗಿದಳು.

"ಹೂಂ... ಹೂಂ... ಮಾಮಾ ಹೇಳಿದ್ರು, ಸ್ವಾಮಾರ ಅಂತ... ಗುರೂ, ಬ್ಯಾರೆ ಯಾರಿಗಾರೆ ಹೇಳು. ಅತ್ತಿ ತುಂಬಲಿ, ಇಲ್ಲಾ ಓಣ್ಯಾಗಿನ ಹಿರಿ ಮುತ್ತೈದಿ ಯಾರಾರೆ ತುಂಬಲಿ... ಹಾಂ?... ಹಂಗನ್ನಬ್ಯಾಡ. ನಾ ತುಂಬದಿದ್ರ ಕುಬಸಾನ ಬ್ಯಾಡ ಅಂದ್ರ ಹ್ಯಾಂಗ ಆಕ್ಕದ?... ಹಟ ಮಾಡಬ್ಯಾಡ. ಸಣ್ಣ ಕೂಸಿನಂಗ ಹಟ ಮಾಡಬ್ಯಾಡ ಗುರೂ. ನನ್ನ ಕೈ ಛಲೋದಲ್ಲ."

...

"ನನ್ನ ಕೈ ಛಲೋದಲ್ಲ ಅಂದೆ."

...

"ಯಾಕಂದ್ರ... ಯಾಕಂತ ಏನು ಹೇಳಲಿ?"

ಹಿತ್ತಲಿನಲ್ಲಿ ಮನ್ಮಥಪ್ಪ ಗಂಟಲು ಕ್ಯಾಕರಿಸುವ ಸದ್ದು. ಬಜಾರಿನಲ್ಲಿ ಬಂಡಿಯ ಗಾಲಿ ಕಿರುಗುಟ್ಟುತ್ತ ಹೋಯಿತು. ಅವ್ವ ಎರಡೂ ಕೈಯಿಂದ ಫೋನನ್ನು ಒತ್ತಿ ಹಿಡಿದು, ಗೋಡೆಯ ಕಡೆಗೆ ತಿರುಗಿ, ಮಗಳಿಗೆ ಕೇಳಿಸಬಾರದು ಎಂಬಂತೆ ತಗ್ಗಿದ ದನಿಯಲ್ಲಿ ಹೇಳಿದಳು. ತಂತಿಯ ಆ ತುದಿಗೇ ಕೇಳಿಸುವಂಥ ದನಿ ಈ ತುದಿಯ ಮಗಳಿಗೆ ಕೇಳಿಸದೆ ಇರುತ್ತದೆಯೇ?

"ಗುರೂ, ನಿನ್ನ ಲಗ್ನದಾಗ ಉಡಿ ತುಂಬಿದಾಕಿ ನಾನ ಅಲ್ಲೇನು?... ಹೌದಲ್ಲ... ಅವ್ವ ಅಳ್ಕೋತ ಕುಂತಿದ್ಲು, ಅಕ್ಕಿ, ಅಡಿಕಿ ಎಲ್ಲಾ ನಾನ ಹಾಕ್ದೆ... ಕೊಬ್ಬರಿ ತಿಂದೆ ಅಂತ ನೀ ಯಾಕ ಹೇಳಿದಿ? ನೀ ತಿಂದಿಲ್ಲಲ್ಲ."

...

"ನಿಮ್ಮ ಅತ್ತಿ ಉಡಿ ಬಿಚ್ಚಿದಾಗ ಒಂದ ಇತ್ತು... ಹೂಂ."

...

"ತವರಿಗೆ ಮಾತು ಬರಬಾರದಂತನಾ?... ಅಷ್ಟ ಸಲುವಾಗಿ ಹನ್ನೊಂದು ವರ್ಷ ನೀ ಅನಸ್ಕೊಂಡಿ?... ಹೊಟ್ಟಿಬಾಕಿ ಅಂತ ಅನಸ್ಕೊಂಡಿ, ಬಂಜಿ ಅಂತ ಅನಸ್ಕೊಂಡಿ, ಬಾಯಿ ತಗೀಲಿಲ್ಲ?"

...

ಆಮೇಲೆ ಗುರುಲಿಂಗಮ್ಮ ಬಹಳ ಹೊತ್ತು ಮಾತಾಡಿದಳು. ಈರಿಗೆ ಕಾಣುತ್ತಿದ್ದುದು ಅವ್ವನ ಬೆನ್ನು ಮಾತ್ರ. ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ, ಆ ಬೆನ್ನೇ ಮಾತು ಕೇಳುತ್ತಿದ್ದಂತೆ ಇತ್ತು.

"ಮರ್ತೆ ಅಂತ ತಿಳದೇನು ನೀ?"

...

"ಗಡಿಬಿಡ್ಯಾಗ ಒಂದು ಹಾಕಿ ಒಂದು ಮರ್ತೆ ಅಂತ..."

...

"ಪಾಪ ಅಕ್ಕಗ ನಾನೂ ಲಗ್ನ ಆಗಿ ಹ್ವಾದ್ರ ಯಾರೂ ಇಲ್ಲ, ದುಃಖದಾಗ ಕೈ ತಪ್ಪ್ಯದ ಅಂತ... ಹಂಗ ತಿಳದಿ?"

...

ಕಾಂತಾಬಾಯಿ ಕಣ್ಣು ಮುಚ್ಚಿದಳು. ತಂಗಿಯೇ ಬಾಗಿಲು ತೆರೆದು, ತಂಗಿಯೇ ಮಣೆ ಹಾಕಿ, ಕೂತುಕೋ ಎಂದಿದ್ದಳು. ಕೂತರೆ ಮುಗಿದೇಹೋಯಿತು.

"ಹಾಂ" ಎಂದಳು. "ಮರ್ತಿರಬೇಕು."

...

"ಹೂಂ. ಮರ್ತಿದ್ದೆ ಗುರೂ."

ಹೇಳಿ ಈ ಕಡೆ ತಿರುಗಿದಳು, ಮಗಳ ಕಣ್ಣಿಗೆ ಸಿಕ್ಕಳು.

ಅವ್ವ ಈ ಮೊದಲು ಸುಳ್ಳು ಹೇಳಿದ್ದು ಈರಿಗೆ ಗೊತ್ತಿತ್ತು. ಎಮ್ಮೆ ಈಯುವ ಸುಳ್ಳು, ನೆಗಡಿಯ ಸುಳ್ಳು. ಅವು ಬಾಗಿಲ ಮುಂದಿನ ಕಸದ ಹಾಗೆ, ಗುಡಿಸಿದರೆ ಹೋಗುವಂಥವು. ಇದು ಹಾಗಲ್ಲ. ಮರೆತ ಕೊಬ್ಬರಿ ಬಟ್ಟಲನ್ನು ಯಾರೂ ಖಣದಲ್ಲಿ ಕಟ್ಟಿ ಧಾರೆ ಸೀರೆಯ ಕೆಳಗೆ ಇಡುವುದಿಲ್ಲ. ಅಷ್ಟು ತಿಳಿಯಲು ಹತ್ತು ವರ್ಷ ಸಾಕು. ಮಗಳಿಗೆ ತಿಳಿದದ್ದು ಅವ್ವನಿಗೂ ತಿಳಿಯಿತು. ಆಕೆಯ ಮುಖದಿಂದ ರಕ್ತ ಇಳಿದುಹೋದದ್ದು ಹಿಟ್ಟಿನ ಬಿಳುಪಿನ ನಡುವೆಯೂ ಕಂಡಿತು. ಮಗಳ ಕಣ್ಣಿನಿಂದ ತಪ್ಪಿಸಿಕೊಳ್ಳಲು ಮತ್ತೆ ಗೋಡೆಗೆ ತಿರುಗಬೇಕೆಂದುಕೊಂಡಳು, ಆಗಲಿಲ್ಲ.

"ಹಾಂ ಗುರೂ, ಇದೀನಿ... ಇಲ್ಲೇ ಇದೀನಿ... ಏನಂದಿ?... ಜೋಡಿ ಎಣಿಸಿ ತರಬೇಕಾ ಈ ಸಲ?" ನಗಲು ನೋಡಿದಳು. "ಹೂಂ... ಗುರೂ, ನಾ ಬರೂದಿಲ್ಲ ಅಂತ ಅಲ್ಲ... ಬರೂದಕ್ಕ ಮುಖಾ ಬೇಕಲ್ಲ... ಏನಿಲ್ಲ. ಹಂಗೇ ಅಂದೆ. ಎಲ್ಲಾನೂ ಹಂಗೇ ಅನ್ನಾಕತ್ತೀನಿ ಇವತ್ತು."

...

"ಸಾಬ್, ಹೌ ಸಾಬ್... ಔರ್ ಏಕ್ ಮಿನಿಟ್... ಬಸ್, ಏಕ್ ಮಿನಿಟ್... ಗುರೂ, ಮುಗೀತಂತ. ಇನ್ನ ಕೊಡಂಗಿಲ್ಲಂತ, ಹಿಂದ ಬ್ಯಾರೆಯವರು ಕಾಯಾಕತ್ತಾರಂತ... ಏನು?... ಈರಿ? ಹಾಂ, ಇಲ್ಲೇ ಅದಾಳ. ನನ್ನ ಮುಂದನ ಕುಂತಾಳ... ಆಕಿ ದನಿ ಕೇಳಬೇಕಾ?"

ಅವ್ವ ಫೋನನ್ನು ಕಿವಿಯಿಂದ ತೆಗೆದಳು. ಕೊಡಲು ಚಾಚಿದ ಕೈ ನಡುದಾರಿಯಲ್ಲಿ ಒಂದು ಗಳಿಗೆ ನಿಂತಿತು. ಈರಿ ಎದ್ದು ಬಂದು ಎರಡೂ ಕೈಯಿಂದ ತೆಗೆದುಕೊಂಡಳು. ಹಿಡಿ ಬಿಸಿಯಾಗಿತ್ತು, ಅವ್ವನ ಹಿಟ್ಟು ಹತ್ತಿ ಒರಟಾಗಿತ್ತು. ಸರಿಯಾಗಿಯೇ ಹಿಡಿದಳು, ಇಷ್ಟು ಹೊತ್ತು ನೋಡಿ ಕಲಿತಿದ್ದಳು. ಒಳಗೆ ಯಾರೋ ದೂರದ ಬಾವಿಯ ಕಟ್ಟೆಯ ಮೇಲೆ ನಿಂತು ಉಸಿರಾಡುತ್ತಿದ್ದರು. ತಾನು ಎಂದೂ ನೋಡಿರದ ಚಿಗವ್ವ.

"ಹಲೋ... ಹಾಂ, ನಾನ ಈರಿ... ಆರಾಮ ಇದೀನ್ರಿ... ಹೂಂ, ಜಡಿ ಹಾಕ್ಕೊಂಡೀನಿ. ಅರ್ಧ."

...

"ಚಿಗವ್ವಾ, ಒಂದು ಮಾತು ಕೇಳಲೇನು?"

ಅವ್ವನ ಕೈ ಮೇಲೆದ್ದಿತು. ಪಂಚಮಿಯ ದಿನ ಎದ್ದ ಹಾಗೆಯೇ. ಈರಿ ಕಣ್ಣು ಮುಚ್ಚಲಿಲ್ಲ, ಅವ್ವನನ್ನೇ ನೋಡುತ್ತಿದ್ದಳು. ಆ ಕೈ ಫೋನನ್ನು ಕಸಿದುಕೊಳ್ಳಬಹುದಿತ್ತು, ಬಾಯಿ ಮುಚ್ಚಬಹುದಿತ್ತು. ಏನೂ ಮಾಡಲಿಲ್ಲ. ಗಾಳಿಯಲ್ಲಿ ನಿಂತು, ಮೆಲ್ಲಗೆ ಇಳಿದು, ಮಗಳ ಹೆಗಲ ಮೇಲೆ ಬಿದ್ದಿದ್ದ ಬಿಚ್ಚಿದ ಅರ್ಧ ಜಡೆಯನ್ನು ಹಿಡಿದುಕೊಂಡಿತು. ಕೇಳು ಎಂದು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಕಾಂತಾಬಾಯಿಯ ತಲೆ ಇನ್ನೂ ತಗ್ಗಿ ಗದ್ದ ಎದೆಗೆ ಹತ್ತಿತು.

"ನಮ್ಮವ್ವನ ಸಂದೂಕದಾಗ ಒಂದು ಕೊಬ್ಬರಿ ಬಟ್ಟಲ ಅದ" ಎಂದಳು ಈರಿ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ತಂತಿಯ ಆ ತುದಿಯವರೆಗೆ ಮುಟ್ಟುವ ಹಾಗೆ. "ಹಸರ ಖಣದಾಗ ಕಟ್ಯಾಳ. ಎಲ್ಲಾದರ ತೆಳಗ ಇಟ್ಟಾಳ. ಒಂದ ಅದ. ಅದು ನಿಂದೇನು ಚಿಗವ್ವಾ?"

...

ಉಸಿರು ನಿಂತಿತು ಆ ಕಡೆ.

...

"ನಿಂದೇನು?"

ಟಕ್ ಎಂದಿತು. ಮಿನಿಟು ಮುಗಿದಿತ್ತೋ, ಚಿಗವ್ವನೇ ಇಟ್ಟಳೋ. ಆಮೇಲೆ ತಂತಿಯಲ್ಲಿ ಗಾಳಿ ಮಾತ್ರ.